ಅಪ್‌ಡೇಟ್: ಒಂದು ನಿಧಾನದ ಕ್ಲೈಂಟ್‌ಗೆ ಇಡೀ ಸರ್ವರ್ ನಿಲ್ಲುತ್ತಿದ್ದುದು ಸರಿಹೋಯಿತು

ಒಂದೇ ಪ್ರಾಸೆಸ್‌ನ ನನ್ನ ಫೈಲ್ ಸರ್ವರ್‌ನಲ್ಲಿ ಒಂದು ಕ್ಲೈಂಟ್ ನಿಧಾನವಾದರೆ ಉಳಿದವೆಲ್ಲ ಯಾಕೆ ಕಾಯುತ್ತವೆ ಎಂದು ಕೇಳಿದ್ದೆ. ತಪ್ಪು ನನ್ನದೇ. ಯಾವ ಕನೆಕ್ಷನ್ ಸಿದ್ಧವಿದೆ ಎಂದು ತಿಳಿಸುವ ಲಿನಕ್ಸ್‌ನ ಈಪೋಲ್ (epoll) ಬಳಸಿದ್ದೆ ನಿಜ, ಆದರೆ ಸಾಕೆಟ್‌ಗಳನ್ನು (ಕನೆಕ್ಷನ್‌ಗಳ ನಮ್ಮ ಕಡೆಯ ತುದಿ) ನಾನ್‌ಬ್ಲಾಕಿಂಗ್, ಅಂದರೆ ಕಾಯದೆ ತಕ್ಷಣ ಮರಳುವಂತೆ, ಮಾಡಿರಲಿಲ್ಲ. ಆ ನಿಧಾನದ ಕ್ಲೈಂಟ್‌ನ ಸೆಂಡ್ ಬಫರ್ (ಕಳಿಸುವ ಡೇಟಾ ಕಾಯುವ ಜಾಗ) ತುಂಬಿದ ಕೂಡಲೇ ಸೆಂಡ್ ಕರೆ ಅಲ್ಲೇ ಕೂತುಬಿಡುತ್ತಿತ್ತು, ಕ್ಲೈಂಟ್‌ಗಳನ್ನು ಒಂದೊಂದಾಗಿ ನೋಡುವ ಲೂಪ್ ಮುಂದೆ ಹೋಗುತ್ತಲೇ ಇರಲಿಲ್ಲ.

ಈಗ ಪ್ರತಿ ಕನೆಕ್ಷನ್‌ಗೂ ಫೈಲ್‌ನಲ್ಲಿ ಎಲ್ಲಿವರೆಗೆ ಕಳಿಸಿದ್ದೇನೆಂಬ ಆಫ್‌ಸೆಟ್ ಇಟ್ಟುಕೊಂಡಿದ್ದೇನೆ. ಈಅಗೇನ್ (EAGAIN: ಈಗ ಆಗದು, ಆಮೇಲೆ ಪ್ರಯತ್ನಿಸು ಎಂಬ ಎರರ್) ಬಂದರೆ ಲೂಪ್ ಅಲ್ಲಿಗೆ ಬಿಟ್ಟು, ಈಪೋಲ್‌ಔಟ್ (EPOLLOUT: ಮತ್ತೆ ಕಳಿಸಬಹುದಾದಾಗ ತಿಳಿಸು ಎಂಬ ಫ್ಲ್ಯಾಗ್) ಹಾಕಿ ಮುಂದಿನ ಕ್ಲೈಂಟ್ ನೋಡುತ್ತದೆ. ಕಳಿಸಿ ಮುಗಿದ ಮೇಲೆ ಈಪೋಲ್‌ಔಟ್ ತೆಗೆಯಲು ಮರೆತು ಸಿಪಿಯು ಶೇ. 100ಕ್ಕೆ ಏರಿದ್ದು ಬೇರೆ ಕಥೆ!

ಡಿಸ್ಕ್ ಓದು ಮಾತ್ರ ಇನ್ನೂ ಬ್ಲಾಕ್ ಆಗುತ್ತದೆ. ಸಾಮಾನ್ಯ ಫೈಲ್‌ಗಳಿಗೆ ನಾನ್‌ಬ್ಲಾಕಿಂಗ್ ಫ್ಲ್ಯಾಗ್ ಲೆಕ್ಕಕ್ಕೇ ಇಲ್ಲ. ಅದಕ್ಕೊಂದು ಸಣ್ಣ ಥ್ರೆಡ್ ಪೂಲ್ (ಓದುವ ಕೆಲಸವನ್ನು ಬದಿಯಲ್ಲಿ ಮಾಡುವ ಥ್ರೆಡ್‌ಗಳ ಗುಂಪು) ಸೇರಿಸಬೇಕು.