ಪಶ್ಚಿಮದ ಬಿಸಿಲಿಗೆ ರಂಜೆ ಮರ ಆಗುತ್ತದಾ?

ಅಂಗಳದವ:
ಮನೆಯ ಪಶ್ಚಿಮಕ್ಕೆ 20 ಅಡಿ ಜಾಗ ಇದೆ. ಮಧ್ಯಾಹ್ನ ಮೂರರ ಮೇಲೆ ಆ ಕಡೆ ಗೋಡೆ ಮುಟ್ಟುವ ಹಾಗಿಲ್ಲ. ಗುಲ್‌ಮೊಹರ್ ನೆಡಿ, ಬೇಗ ಬರುತ್ತದೆ ಎನ್ನುತ್ತಾರೆ. ಅದು ಮಡಗಾಸ್ಕರ್ ಕಡೆಯದು, ನೆರಳು ಬೇಕಾದ ಹೊತ್ತಿಗೇ ಎಲೆ ಉದುರಿಸಿ ಬೋಳಾಗುತ್ತದೆ. ನನಗೆ ನಮ್ಮ ಘಟ್ಟದ ಕಾಡಿನದೇ, ವರ್ಷಪೂರ್ತಿ ಹಸಿರಾಗಿರುವ ಮರ ಬೇಕು. ಎರಡು ಅಡಿಯ ರಂಜೆ ಸಸಿ ತಂದಿಟ್ಟಿದ್ದೇನೆ. ಎಷ್ಟು ವರ್ಷಕ್ಕೆ ನೆರಳು ಸಿಗುತ್ತದೆ?

ಬಾಳೆನಾರು:
ಬೇಗ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಿತ್ತಲಿನದು ನನ್ನ ತಲೆ ಮೀರುವುದಕ್ಕೆ ಐದು ಮಳೆಗಾಲ ಹಿಡಿಯಿತು. ಕೆಳಗೆ ಕುರ್ಚಿ ಹಾಕಿ ಕೂತದ್ದು 11ನೇ ವರ್ಷ. ಈಗ ಅದರಡಿ ಮಟಮಟ ಮಧ್ಯಾಹ್ನ ಪೇಪರ್ ಓದಲು ಬೆಳಕು ಸಾಲದು, ಅಷ್ಟು ದಟ್ಟ.

ಅದಕ್ಕೂ ಮುಂಚೆ ಒಂದನ್ನು ಕೊಂದಿದ್ದೇನೆ. ಬಿಸಿಲು ತಡೆಯುವ ಮರ ಅಲ್ವಾ ಎಂದು ಸಸಿಯನ್ನು ಬಟಾಬಯಲಲ್ಲಿ ನೆಟ್ಟೆ. ಮಾರ್ಚ್‌ಗೆ ಎಲೆಯ ಅಂಚು ಸುಟ್ಟಿತು, ಏಪ್ರಿಲ್‌ಗೆ ಕಡ್ಡಿ ಉಳಿಯಿತು. ದಿನಾ ನೀರು ಹಾಕುತ್ತಿದ್ದೆ! ಕಾಡಿನಲ್ಲಿ ಇದು ಮೊಳೆಯುವುದೇ ದೊಡ್ಡ ಮರಗಳ ಕೆಳಗೆ, ಅದು ನನಗೆ ಹೊಳೆದದ್ದು ಆಮೇಲೆ. ಎರಡನೆಯದನ್ನು ಬಾಳೆಯಿಂದ ಮೂರು ಅಡಿ ಬಿಟ್ಟು ನೆಟ್ಟೆ, ಬಾಳೆ ಪಶ್ಚಿಮಕ್ಕೆ ಬರುವ ಹಾಗೆ. ಸಸಿ ಚೇತರಿಸಿಕೊಂಡ ಮೇಲೆ ಬಾಳೆ ಕಡಿದೆ. ದೊಡ್ಡದಾದರೆ ಅದಕ್ಕೆ ಬಿಸಿಲೇ ಇಷ್ಟ. ಗೋಡೆಯಿಂದ 12 ಅಡಿ ಬಿಡಿ, ಕೊಡೆ ಬಿಚ್ಚಿದ ಹಾಗೆ ಹರಡುತ್ತದೆ.

ಹೂ ಉಗುರಿನಷ್ಟೇ, ಕೆನೆ ಬಣ್ಣದ ನಕ್ಷತ್ರ. ಕೊಯ್ಯುವ ಕೆಲಸ ಇಲ್ಲ, ಬೆಳಗಾಗುವಷ್ಟರಲ್ಲಿ ತಾನೇ ಉದುರಿರುತ್ತದೆ. ನಡುವೆ ತೂತು ಇರುವುದರಿಂದ ಪೋಣಿಸಲು ಸೂಜಿಯೂ ಬೇಡ, ಬಾಳೆನಾರಿನ ತುದಿ ಸಾಕು. (ನನ್ನ ಹೆಸರು ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ.) ಒಣಗಿದರೂ ಪರಿಮಳ ಹೋಗುವುದಿಲ್ಲ. ಹೋದ ವರ್ಷದ ಮಾಲೆ ಬೀರುವಿನಲ್ಲಿ ಸೀರೆಗಳ ನಡುವೆ ಇನ್ನೂ ಇದೆ.

ಮಣ್ಣುಗೈ:
ಅಕ್ಕ ಹಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ. ಕಿತ್ತಳೆ ಬಣ್ಣ, ಹಿಟ್ಟುಹಿಟ್ಟು, ಸ್ವಲ್ಪ ಸಿಹಿ, ಜಾಸ್ತಿ ಒಗರು. ಬಾವಲಿಗಳಿಗೆ ಹಬ್ಬ. ಕೆಳಗೆ ಕಾರು ನಿಲ್ಲಿಸಿದಿರೋ, ಬೆಳಿಗ್ಗೆ ಎದ್ದು ತೊಳೆಯಬೇಕು.

ತಂದದ್ದು ರಂಜೆಯೇ ಹೌದಾ ನೋಡಿಕೊಳ್ಳಿ. ನಾನು ಅಶೋಕ ಕೇಳಿದರೆ ಒಂದು ನರ್ಸರಿಯವರು ಕಂಬದ ಹಾಗೆ ನೆಟ್ಟಗೆ ಹೋಗುವ ಮದ್ರಾಸ್ ಅಶೋಕ ಕೊಟ್ಟು ಕಳಿಸಿದ್ದರು. ರಂಜೆ ಸಪೋಟದ ಕುಟುಂಬದ್ದು, ಎಳೆ ಎಲೆ ಕಿತ್ತರೆ ಬಿಳಿ ಹಾಲು ಬರುತ್ತದೆ. ಎಲೆಯ ಅಂಚು ಅಲೆಅಲೆಯಾಗಿರುತ್ತದೆ. ಪಗಡೆ ಮರ, ಬಕುಳ ಎಂದರೂ ಇದೇ.

ಅಂಗಳದವ:
ಈಗಷ್ಟೇ ಕಿತ್ತು ನೋಡಿದೆ, ಹಾಲು ಬಂತು! ಬಾಳೆ ಇರುವುದು ಮನೆಯ ಪೂರ್ವಕ್ಕೆ. ಕಂದು ತೆಗೆದು ಇತ್ತ ನೆಡಲಾ, ಇಲ್ಲಾ ಅಡಿಕೆ ಸೋಗೆ ಮರೆ ಕಟ್ಟಿದರೆ ಸಾಕಾ?

ಬಾಳೆನಾರು:
ಎರಡೂ ಮಾಡಿ. ಕಂದು ಎದ್ದು ನಿಲ್ಲುವ ತನಕ ಸೋಗೆ ಇರಲಿ. ಮಳೆ ಹಿಡಿದ ಮೇಲೆ ನೆಡಿ, ಸುಮ್ನೆ ಈಗ ಅವಸರ ಬೇಡ. ಹೆಣ್ಣುಮಕ್ಕಳು ಬಾಯಲ್ಲಿ ಮದ್ಯ ತುಂಬಿ ಉಗುಳಿದರೆ ಬಕುಳ ಹೂ ಬಿಡುತ್ತದೆ ಅಂತ ಸಂಸ್ಕೃತದ ಕವಿಗಳು ಬರೆದಿದ್ದಾರೆ. ನಮ್ಮನೆಯದಕ್ಕೆ ಕೊಟ್ಟಿಗೆ ಗೊಬ್ಬರವೇ ಸಾಕಾಯಿತು.