ಪ್ಯಾನಿಕ್ ಅಟ್ಯಾಕ್ ಬಂದವರ ಜೊತೆ ಮನೆಯವರು ಹೇಗಿರಬೇಕು?

ಮಂಡ್ಯದ ಅಕ್ಕ:
ನನ್ನ ತಮ್ಮ ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಹೋದ ತಿಂಗಳು ಪಾಂಡವಪುರ ದಾಟುತ್ತಿದ್ದ ಹಾಗೆ ಎದೆ ಡವಡವ, ಕೈ ಜುಮ್‌ಜುಮ್, ಮೈಯೆಲ್ಲ ಬೆವರು. ಸತ್ತೇಹೋಗುತ್ತೇನೆ ಅಂದನಂತೆ. ಇಸಿಜಿ, ಥೈರಾಯ್ಡ್ ಎಲ್ಲ ನಾರ್ಮಲ್. ಡಾಕ್ಟರು ಪ್ಯಾನಿಕ್ ಅಟ್ಯಾಕ್ ಅಂದರು, ಮಾತ್ರೆ ಬರೆದಿದ್ದಾರೆ. ಅಮ್ಮ ದೃಷ್ಟಿ ತೆಗೆದು ತಾಯತ ಕಟ್ಟಿದ್ದಾರೆ. ಚಿಕ್ಕಪ್ಪ ಗ್ಯಾಸ್ಟ್ರಿಕ್ ಅಂತಾರೆ. ಅವನಿಗೆ ಈಗ ರೈಲು ಅಂದರೇ ಭಯ. ನಾವೇನು ಮಾಡಬೇಕು?

ಕುವೆಂಪುನಗರದವನು:
ಅಕ್ಕಾ, ನನಗೆ ಮೊದಲು ಬಂದಿದ್ದು ದೇವರಾಜ ಮಾರ್ಕೆಟ್‌ನಲ್ಲಿ, ದಸರಾ ರಶ್ಶಿನಲ್ಲಿ. ಸುತ್ತ ಜನ ಸೇರಿಬಿಟ್ಟರು. ಒಬ್ಬರು ಸೋಡಾ ಕುಡಿಸಿ ಅಂದರು, ಇನ್ನೊಬ್ಬರು ಕೈಗೆ ಕಬ್ಬಿಣ ಕೊಡಿ ಅಂದರು. (ಫಿಟ್ಸ್ ಬಂದರೂ ಕಬ್ಬಿಣದಿಂದ ಏನೂ ಆಗಲ್ಲ, ಅದು ಬೇರೆ ಮಾತು.) ಹೂವಿನ ಅಜ್ಜಿ ಮಾತ್ರ ತಾವು ಕೂತಿದ್ದ ಮಣೆ ಜರುಗಿಸಿ, "ಕೂತ್ಕೊಳ್ಳಪ್ಪ, ನಿಧಾನಕ್ಕೆ ಹೋಗುವೆಯಂತೆ" ಅಂದು ಮತ್ತೆ ಮಲ್ಲಿಗೆ ಕಟ್ಟತೊಡಗಿದರು. ನನಗೆ ಬೇಕಾಗಿದ್ದುದು ಅಷ್ಟೇ.

"ಏನೂ ಆಗಿಲ್ಲ, ಧೈರ್ಯ ತಂದ್ಕೋ" ಅಂತ ಸುಮ್ನೆ ಹೇಳಬೇಡಿ. ಮೈಯಲ್ಲಿ ಆಗುವುದೆಲ್ಲ ನಿಜ. ಹೆದರಿಕೆಗೆ ಅಡ್ರಿನಲಿನ್ ಏರುತ್ತದೆ, ಉಸಿರಾಟ ಜೋರಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಕೈ ಜುಮ್ಮೆನ್ನುವುದು, ತಲೆ ಸುತ್ತುವುದು ಅದಕ್ಕೇ. ಸಾಮಾನ್ಯವಾಗಿ 10 ನಿಮಿಷದೊಳಗೆ ಜಾಸ್ತಿಯಾಗಿ, ಆಮೇಲೆ ತಾನಾಗಿ ತಗ್ಗುತ್ತದೆ. ಪಕ್ಕದಲ್ಲಿ ಕೂತು ನೀವೇ ನಿಧಾನಕ್ಕೆ ಉಸಿರು ಬಿಡಿ, ಅವನೂ ಹಾಗೇ ಬಿಡುತ್ತಾನೆ. ಬೆನ್ನು ತಟ್ಟುವುದು ಕೆಲವರಿಗೆ ಹಿಡಿಸಲ್ಲ, ಕೇಳಿ ಮಾಡಿ.

ನರ್ಸಮ್ಮ:
ಪೇಪರ್ ಕವರ್‌ನಲ್ಲಿ ಉಸಿರಾಡಿಸಬೇಡಿ. ಅದು ಹಳೇ ರೂಢಿ, ಅಪಾಯವೂ ಹೌದು. ಎದೆನೋವು ಈ ಸಲದಂತಿಲ್ಲದೆ ಬೇರೆ ಥರ ಬಂದರೆ, ಕೈಗೋ ದವಡೆಗೋ ಹರಡಿದರೆ, ಪ್ಯಾನಿಕ್ ಅಂತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಬೇಕಾಗಬಹುದು, ನಡುವೆ ತಾವಾಗೇ ನಿಲ್ಲಿಸಬಾರದು. ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕುವೆಂಪುನಗರದವನು:
ರೈಲು ಪೂರ್ತಿ ಬಿಡಿಸಬೇಡಿ ಅಕ್ಕಾ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ನಾನು ಮಾರ್ಕೆಟ್ಟಿಗೆ ಮತ್ತೆ ಹೋಗಿದ್ದು ಕೌನ್ಸೆಲರ್ ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ. ಡಾಕ್ಟರನ್ನು ಕೇಳಿ, ರಜೆ ದಿನ ಪ್ಯಾಸೆಂಜರ್ ರೈಲಿನಲ್ಲಿ ನೀವೂ ಜೊತೆಗೆ ಹೋಗಿ. ಮೊದಲು ಮಂಡ್ಯದ ಮುಂದಿನ ಸ್ಟೇಷನ್ ಎಲಿಯೂರಿನ ತನಕ ಸಾಕು.

ಮಂಡ್ಯದ ಅಕ್ಕ:
ಎಲಿಯೂರಿಗೆ ಬರುತ್ತೇನೆ ಅಂದ. ಅಮ್ಮ ತಾಯತ ಬಿಚ್ಚಲು ಬಿಡಲ್ವಂತೆ.

ನರ್ಸಮ್ಮ:
ತಾಯತ ಇರಲಿ ಬಿಡಿ. ಮಾತ್ರೆ ತಪ್ಪದ ಹಾಗೆ ಅಮ್ಮನಿಗೇ ನೋಡಿಕೊಳ್ಳಲು ಹೇಳಿ.