ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆ: ನರರೋಗ ತಜ್ಞರು ಏನು ಮಾಡುತ್ತಾರೆ?

ಪ್ರಶ್ನೆ – ಮಲೆನಾಡಿಗ

ನನ್ನ ಅಣ್ಣನ ಮಗನಿಗೆ 11 ವರ್ಷ. ಊರಿನ ಮನೆಯಲ್ಲಿ ಹಂಡೆಯ ನೀರನ್ನು ಚೊಂಬಿನಿಂದ ತಲೆಗೆ ಹುಯ್ದುಕೊಳ್ಳುವುದು ರೂಢಿ. ಎರಡು ತಿಂಗಳಲ್ಲಿ ಮೂರು ಸಲ, ಮೂರೂ ತಲೆಸ್ನಾನದ ದಿನವೇ, ಅವನು ಕಣ್ಣು ನೆಟ್ಟು, ಕರೆದರೆ ಓಗೊಡದೆ, ಮೇಲಿಂದ ಮೇಲೆ ನೀರು ಹುಯ್ದುಕೊಳ್ಳುತ್ತಲೇ ಇದ್ದ. ಮೂರನೆಯ ಸಲವಂತೂ ಕುಸಿದುಬಿದ್ದು ಕೈಕಾಲು ಸೆಟೆದುಕೊಂಡವು. ಹೆದರಿಕೊಂಡಿದ್ದಾನೆಂದು ಅಮ್ಮ ತಾಯಿತ ಕಟ್ಟಿಸಿದ್ದಾರೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ನರರೋಗ ತಜ್ಞರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ, ಆದರೆ ಹುಚ್ಚಿನ ಡಾಕ್ಟರ ಹತ್ತಿರ ಹೋಗುವುದೇ ಎಂದು ಅತ್ತಿಗೆ ಹಿಂಜರಿಯುತ್ತಿದ್ದಾರೆ. ಅಲ್ಲಿ ಏನು ಮಾಡುತ್ತಾರೆಂದು ತಿಳಿದವರು ಹೇಳಬೇಕು.

ಉತ್ತರ – ನಿವೃತ್ತ ವೈದ್ಯ

ನಿಮ್ಮ ಅತ್ತಿಗೆಯವರ ಅಳುಕು ಹೊಸದಲ್ಲ. ಮನೋರೋಗ ತಜ್ಞರು ಬೇರೆ, ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವವರು ಬೇರೆ. ಮೂರ್ಛೆ, ಪಾರ್ಶ್ವವಾಯು, ಪಾರ್ಕಿನ್‌ಸನ್, ಅರೆತಲೆನೋವು ಮುಂತಾದವನ್ನು ಮುಖ್ಯವಾಗಿ ಔಷಧಿಯಿಂದ ನೋಡಿಕೊಳ್ಳುವವರು ನರರೋಗ ತಜ್ಞರು.

ನೀವು ಹೇಳಿದ ಲಕ್ಷಣಗಳು ಬಿಸಿನೀರಿನ ಮೂರ್ಛೆಗೆ ಹೊಂದುತ್ತವೆ. ಖಚಿತಪಡಿಸಬೇಕಾದವರು ಮಾತ್ರ ತಜ್ಞರೇ. ನಮ್ಮ ಭಾಗದಲ್ಲಿ ಇದು ಅಪರೂಪವಲ್ಲ. 1988ರಲ್ಲಿಯೇ ನಿಮ್ಹಾನ್ಸ್ ವೈದ್ಯರು ಇಂಥ 279 ರೋಗಿಗಳ ವಿವರವನ್ನು ಪ್ರಕಟಿಸಿದ್ದರು. ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರು ತಲೆಯ ಮೇಲೆ ರಭಸದಿಂದ ಬಿದ್ದಾಗ, ಅದಕ್ಕೆ ಒಳಗಾಗುವ ಸ್ವಭಾವವಿರುವ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಹದ ತಪ್ಪುತ್ತದೆ. ಹುಡುಗ ನೀರು ಹುಯ್ದುಕೊಳ್ಳುವುದನ್ನು ನಿಲ್ಲಿಸಲಿಲ್ಲ ಎಂದಿರಲ್ಲ, ಅದೂ ಇದರಲ್ಲಿ ಕಂಡುಬರುವ ಲಕ್ಷಣವೇ ಹೊರತು ಹಟವಲ್ಲ, ಅವನನ್ನು ಗದರಿಸಬೇಡಿ.

ಉತ್ತರ – ತುಮಕೂರಿನ ಓದುಗ

ಇದು ನನಗೇ ಇತ್ತು, ಆದ್ದರಿಂದ ಒಳಗೆ ನಡೆದದ್ದನ್ನು ಹೇಳುತ್ತೇನೆ. ಯಂತ್ರದ ಪರೀಕ್ಷೆಯೇ ಮುಖ್ಯವೆಂದುಕೊಂಡು ಹೋಗಿದ್ದೆ, ಆದರೆ ವೈದ್ಯರು ಮೊದಲ ಇಪ್ಪತ್ತು ನಿಮಿಷ ನನ್ನನ್ನು ಬಿಟ್ಟು ಅಮ್ಮನನ್ನೇ ಕೇಳಿದರು: ಎಷ್ಟನೆಯ ಚೊಂಬಿಗೆ ಶುರುವಾಯಿತು, ಮುಖ ಯಾವ ಕಡೆಗೆ ತಿರುಗಿತು, ತುಟಿ ಚಪ್ಪರಿಸಿದನೇ, ಎಚ್ಚರವಾದ ಮೇಲೆ ಎಷ್ಟು ಹೊತ್ತು ಮಂಕಾಗಿದ್ದ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಫಿಟ್ಸ್ ಬಂದಿತ್ತೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ. ಅನಂತರ ಸುತ್ತಿಗೆಯಿಂದ ಮೊಣಕಾಲು ತಟ್ಟಿ, ಗೆರೆಯ ಮೇಲೆ ನಡೆಸಿ ನೋಡಿದರು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಮೂಲಾಗಿಯೇ ಬಂತು. ಸ್ನಾನವಿಲ್ಲದ ಹೊತ್ತಿನಲ್ಲಿ ಹೆಚ್ಚಿನವರಿಗೆ ಹಾಗೆಯೇ ಬರುತ್ತದಂತೆ, ಅದರಿಂದ ಕಾಯಿಲೆ ಇಲ್ಲವೆಂದಾಗುವುದಿಲ್ಲ. ನೀರನ್ನು ಉಗುರುಬೆಚ್ಚಗೆ ಇಳಿಸಲು, ತಲೆಗೆ ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಲು ಹೇಳಿ, ತಲೆಸ್ನಾನದ ದಿನ ಒಂದೂವರೆ ಗಂಟೆ ಮುಂಚೆ ನುಂಗಲು ಕ್ಲೋಬಜಾಮ್ ಎಂಬ ಮೂರ್ಛೆ ತಡೆಯುವ ಮಾತ್ರೆ ಬರೆದುಕೊಟ್ಟರು. ಪ್ರಮಾಣ ತೂಕಕ್ಕೆ ತಕ್ಕಂತೆ ಬೇರೆಯಾಗುವುದರಿಂದ ನನ್ನದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ನನಗೆ ಮರುಕಳಿಸಿಲ್ಲ.

ಉತ್ತರ – ಶುಶ್ರೂಷಕಿ, ಮೈಸೂರು

ಮೇಲಿನದನ್ನು ಓದಿ, ನೀರು ತಣ್ಣಗೆ ಮಾಡಿದರೆ ಸಾಕು, ತಜ್ಞರೇಕೆ ಎಂದು ಯಾರೂ ಕೈಬಿಡಬಾರದು. ಕೆಲವರಲ್ಲಿ ಮುಂದೆ ಸ್ನಾನವಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ. ಆಗ ದಿನವೂ ಮಾತ್ರೆ ಬೇಕಾಗುತ್ತದೆ, ಅದನ್ನು ತಾವಾಗಿಯೇ ನಿಲ್ಲಿಸಿದವರನ್ನು ಮತ್ತೆ ಮಂಚದ ಮೇಲೆ ನೋಡಿದ್ದೇನೆ. ಮೂರ್ಛೆ ಬಂದಾಗ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದಾಗಲಿ, ಬಾಯಿಗೆ ಚಮಚ ತುರುಕುವುದಾಗಲಿ ಬೇಡ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇನ್ನೊಬ್ಬರು ಜೊತೆಗಿದ್ದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಲಿ, ಆದರೆ ಚಿತ್ರೀಕರಣಕ್ಕೆಂದು ಬೇಕೆಂತಲೇ ಬಿಸಿನೀರು ಹುಯ್ಯಬೇಡಿ. ಹೀಗೆ ಮಾಡಿದವರೂ ಇದ್ದಾರೆ!

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆ. ಅತ್ತಿಗೆಗೆ ಓದಿ ಹೇಳಿದೆ. ಮೂರನೆಯ ಸಲ ಮುಖ ಎಡಕ್ಕೆ ತಿರುಗಿತ್ತೆಂದು ಅವರಿಗೀಗ ನೆನಪಾಯಿತು, ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದೇನೆ. ಸೋಮವಾರ ಅವರೇ ಜೊತೆಗೆ ಬರುತ್ತಾರಂತೆ. ಬಚ್ಚಲುಮನೆಯ ಒಳಚಿಲಕವನ್ನು ಇವತ್ತೇ ತೆಗೆಸಿದೆವು.